ಹಂದಿ ಕಾಯುವ ರಾತ್ರಿಗಳು

ಶಿವನಿಯ ಆಸುಪಾಸಿನ ಯಾವ ಮೆಕ್ಕೆಜೋಳದ ಹೊಲಕ್ಕಾದರೂ ಭಾದ್ರಪದದ ಒಂದು ರಾತ್ರಿ ಹೋಗಿ ನೋಡಬೇಕು. ಹೊಲದ ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟು ಕಟ್ಟಿದ ಅಟ್ಟಣೆ. ಅದರ ಮೇಲೆ ಕಂಬಳಿ ಹೊದ್ದು ಕೂತ ಯಜಮಾನ. ಕೈಗೆಟಕುವಲ್ಲಿ ಒಂದು ಬ್ಯಾಟರಿ, ಒಂದು ಖಾಲಿ ಎಣ್ಣೆ ಡಬ್ಬ, ಬಡಿಯಲು ಒಂದು ಕೋಲು. ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಮಗನೋ ಮಗಳೋ ಪುಸ್ತಕ ಹಿಡಿದು ಕೂತಿದ್ದರೆ ಆಶ್ಚರ್ಯವಿಲ್ಲ. ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೇ ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯೂ ಬರುತ್ತದೆ. ಒಂದು ಕಡೆ ಪಾಠ, ಇನ್ನೊಂದು ಕಡೆ ಹೊಲ. ಎರಡನ್ನೂ ಕಾಯಬೇಕು.

ನಡುರಾತ್ರಿಯ ಹೊತ್ತಿಗೆ ದೂರದಲ್ಲಿ ದಂಟು ಮುರಿಯುವ ಸದ್ದು ಕೇಳುತ್ತದೆ. ಡಬ್ಬ ಬಡಿದರೆ ಸದ್ದು ನಿಲ್ಲುತ್ತದೆ. ಅರ್ಧ ಗಂಟೆಯ ನಂತರ ಅದೇ ಸದ್ದು ಹೊಲದ ಇನ್ನೊಂದು ತುದಿಯಲ್ಲಿ. ಬೆಳಗಾಗುವುದರಲ್ಲಿ ಹತ್ತು ಗುಂಟೆ ನೆಲ ಕಲ್ಲುಗುಂಡು ಉರುಳಿಸಿದಂತೆ ಮಲಗಿರುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಬಂದದ್ದು ಯಾರು ಎಂದು ಕೇಳಬೇಕಾಗಿಲ್ಲ. ಮಣ್ಣಿನಲ್ಲಿ ಮೂಡಿದ ಜೋಡಿ ಗೊರಸಿನ ಗುರುತು ಎಲ್ಲವನ್ನೂ ಹೇಳುತ್ತದೆ.

ಕಾಡುಹಂದಿಯ ಕಾಟ ಇಂದು ಕರ್ನಾಟಕದ ಹತ್ತಾರು ತಾಲ್ಲೂಕುಗಳ ಮಾತು. ಆನೆಯ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಚಿರತೆಯ ಸುದ್ದಿಗೆ ಊರೇ ಸೇರುತ್ತದೆ. ಹಂದಿಯದು ಮಾತ್ರ ಸದ್ದಿಲ್ಲದ ನಷ್ಟ. ಈ ಪ್ರಾಣಿಯ ಸಂಖ್ಯೆಯನ್ನು ಹತೋಟಿಯಲ್ಲಿಡುವುದು ಹೇಗೆ? ಕೊಲ್ಲುವುದೊಂದೇ ದಾರಿಯೇ? ಉತ್ತರ ಹುಡುಕುವ ಮೊದಲು ಊರನ್ನೂ ಪ್ರಾಣಿಯನ್ನೂ ಸ್ವಲ್ಪ ತಿಳಿದುಕೊಳ್ಳಬೇಕು.

ಮಲೆನಾಡಿಗೂ ಬಯಲಿಗೂ ನಡುವೆ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲು ಅಜ್ಜಂಪುರ ದಾಟಿದ ಮೇಲೆ ಶಿವನಿಯಲ್ಲಿ ನಿಲ್ಲುತ್ತದೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಹೋಬಳಿ ಈಗ ಅಜ್ಜಂಪುರ ತಾಲ್ಲೂಕಿನಲ್ಲಿದೆ. ಜಿಲ್ಲೆ ಚಿಕ್ಕಮಗಳೂರಾದರೂ ಕಾಫಿ ತೋಟದ ಮಲೆನಾಡು ಇದಲ್ಲ. ಪೂರ್ವಕ್ಕೆ ಹೊಸದುರ್ಗದ ಒಣ ಬಯಲು. ವಾಯವ್ಯಕ್ಕೆ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯ ಕಾಡು. ಪಶ್ಚಿಮಕ್ಕೆ, ತರೀಕೆರೆಯ ಆಚೆ, ಭದ್ರಾ ಅಭಯಾರಣ್ಯ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಆ ಕಾಡಿನ ವಿಸ್ತೀರ್ಣ ಸುಮಾರು 490 ಚದರ ಕಿಲೋಮೀಟರ್. ನಡುವೆ ಕುರುಚಲು ಗುಡ್ಡಗಳು, ಕೆರೆಗಳು, ಹುಲ್ಲುಗಾವಲುಗಳು, ರಾಗಿ, ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಹೊಲಗಳು. ಕೊಳವೆಬಾವಿಯಲ್ಲಿ ನೀರು ಸಿಕ್ಕವರದು ಅಡಿಕೆ, ತೆಂಗು.

ಇಂಥ ನಡುಸೀಮೆ ಹಂದಿಗೆ ಹೇಳಿ ಮಾಡಿಸಿದ ಜಾಗ. ಹಗಲಲ್ಲಿ ಅಡಗಲು ಪೊದೆ, ಮೈ ಹೊರಳಿಸಲು ಕೆರೆಯ ಕೆಸರು, ರಾತ್ರಿ ಮೇಯಲು ಹೊಲ. ಮೂರೂ ಒಂದೆರಡು ಕಿಲೋಮೀಟರಿನೊಳಗೆ ಸಿಕ್ಕಿದರೆ ಅದಕ್ಕೆ ದಟ್ಟಕಾಡೇ ಬೇಕೆಂದಿಲ್ಲ.

ಆತಕೂರಿನ ಕಲ್ಲು

ಹಂದಿಗೂ ಮನುಷ್ಯನಿಗೂ ಜಗಳ ಇಂದಿನದಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಗಳು ಅಲ್ಲಿ ಆತಕೂರಿನ ವೀರಗಲ್ಲನ್ನು ನೋಡಿರಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಈ ಕಲ್ಲು ಹತ್ತನೆಯ ಶತಮಾನದ್ದು. 949ರಲ್ಲಿ ನಡೆದ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ. ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೇರನ ಸಾಹಸಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದಾಗ ಆತ ಕೇಳಿದ್ದು ಹೊನ್ನಲ್ಲ, ಊರಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿನಲ್ಲಿ ನಾಯಿ ಮತ್ತು ಹಂದಿಯ ಕಾದಾಟವೇ ಚಿತ್ರವಾಗಿದೆ.

ಹಂದಿಯನ್ನು ಗೆಲ್ಲುವುದು ವೀರಗಲ್ಲಿಗೆ ಯೋಗ್ಯವಾದ ಸಾಹಸ ಎಂಬುದು ಆ ಕಾಲದ ಭಾವನೆ. ಅದೇ ನಾಡು ಅದೇ ಪ್ರಾಣಿಯನ್ನು ಪೂಜಿಸಿಯೂ ಇದೆ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ವಿಜಯನಗರದ ಲಾಂಛನದಲ್ಲೂ ವರಾಹ. ಚಿನ್ನದ ನಾಣ್ಯಕ್ಕೇ ವರಾಹ ಎಂಬ ಹೆಸರು ಬಂತು. ಭೂಮಿಯನ್ನು ಕೋರೆಯ ಮೇಲೆತ್ತಿದ ಪ್ರಾಣಿ ಎಂಬ ಭಕ್ತಿ ಒಂದು ಕಡೆ, ಬೆಳೆದ ಭೂಮಿಯನ್ನೇ ಬಗೆದು ಹಾಕುತ್ತದೆ ಎಂಬ ಸಿಟ್ಟು ಇನ್ನೊಂದು ಕಡೆ. ಎರಡೂ ನಿಜವೇ.

ಮೂಗೇ ನೇಗಿಲು

ನಮ್ಮ ಕಾಡುಹಂದಿಯ ವೈಜ್ಞಾನಿಕ ಹೆಸರು ಸುಸ್ ಸ್ಕ್ರೋಫಾ. ಊರಹಂದಿಯೂ ಇದೇ ಮೂಲದ್ದು. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಪಳಗಿಸಿದ ಕಾಡುಹಂದಿಯೇ ಇಂದಿನ ಊರಹಂದಿ. ಆದ್ದರಿಂದ ಎರಡೂ ಕೂಡಿ ಮರಿ ಹಾಕಬಲ್ಲವು. ಭಾರತದ ಕಾಡುಹಂದಿಗೆ ನೆತ್ತಿಯಿಂದ ಬೆನ್ನಿನವರೆಗೆ ಒರಟು ಕೂದಲಿನ ಜುಟ್ಟು ಇರುತ್ತದೆ. ಕೆರಳಿದಾಗ ಅದು ನಿಮಿರಿ ನಿಲ್ಲುತ್ತದೆ. ಬಲಿತ ಗಂಡು ನೂರು ಕಿಲೋ ಮೀರಿ ತೂಗುವುದುಂಟು. ಬಾಯಿಯಿಂದ ಹೊರಚಾಚಿದ ಕೋರೆಹಲ್ಲು ಅದರ ಆಯುಧ.

ಕಣ್ಣು ಮಂದ, ಕಿವಿ ಚುರುಕು, ಮೂಗಂತೂ ಅತ್ಯಂತ ಸೂಕ್ಷ್ಮ. ನೆಲದೊಳಗಿನ ಗೆಡ್ಡೆ, ಬಿತ್ತಿದ ಬೀಜ, ಗೊಣ್ಣೆಹುಳು, ಎರೆಹುಳು ಎಲ್ಲವನ್ನೂ ವಾಸನೆಯಿಂದಲೇ ಪತ್ತೆ ಹಚ್ಚುತ್ತದೆ. ಮೂತಿಯ ತುದಿಯ ಗಟ್ಟಿ ಬಿಲ್ಲೆಯೇ ಅದರ ನೇಗಿಲು. ಬಿತ್ತನೆಯ ಮರುದಿನವೇ ಸಾಲು ಹಿಡಿದು ಕಾಳು ಆರಿಸಿ ತಿಂದುಹೋದ ಹಂದಿಗಳ ಕಥೆಯನ್ನು ಶೇಂಗಾ ಬೆಳೆಯುವ ರೈತರು ಹೇಳುತ್ತಾರೆ. ಅದು ಉತ್ಪ್ರೇಕ್ಷೆಯಲ್ಲ. ತೋಟಕ್ಕೆ ನುಗ್ಗಿದರೆ ಎಳೆಯ ಅಡಿಕೆ ಮತ್ತು ತೆಂಗಿನ ಸಸಿ ಬುಡಮೇಲು, ಹನಿ ನೀರಾವರಿಯ ಪೈಪು ಚೂರುಚೂರು.

ಹೆಣ್ಣುಹಂದಿಗಳೂ ಮರಿಗಳೂ ಗುಂಪಾಗಿ ಬಾಳುತ್ತವೆ. ಅನುಭವಸ್ಥ ಹೆಣ್ಣೇ ಮುಂದಾಳು. ಬಲಿತ ಗಂಡು, ಹಳ್ಳಿಯ ಭಾಷೆಯಲ್ಲಿ ‘ಒಂಟಿಗ’, ಬೇರೆಯಾಗಿ ತಿರುಗುತ್ತದೆ. ಗರ್ಭದ ಅವಧಿ ನಾಲ್ಕು ತಿಂಗಳಿಗೂ ಕಡಿಮೆ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಸಾಮಾನ್ಯ. ಆನೆ ನಾಲ್ಕೈದು ವರ್ಷಕ್ಕೊಂದು ಮರಿ ಹಾಕುತ್ತದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು.

ಕಾಡಿನಲ್ಲಿ ಇದು ಉಪಕಾರಿ ಪ್ರಾಣಿ. ನೆಲ ಬಗೆದಾಗ ಮಣ್ಣು ಸಡಿಲಾಗುತ್ತದೆ, ತರಗೆಲೆ ಮಣ್ಣಿಗೆ ಬೆರೆಯುತ್ತದೆ. ಸತ್ತ ಪ್ರಾಣಿಯನ್ನೂ ತಿಂದು ಕಾಡನ್ನು ಚೊಕ್ಕಟಗೊಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಹುಲಿ, ಚಿರತೆ, ಕಾಡುನಾಯಿಗಳಿಗೆ ಅದು ಆಹಾರ. ಕಾಡಿನಲ್ಲಿ ಹಂದಿಯೇ ಇಲ್ಲವಾದರೆ ಚಿರತೆ ಊರಿನ ಕರುವನ್ನೂ ನಾಯಿಯನ್ನೂ ಇನ್ನಷ್ಟು ಹುಡುಕಿಕೊಂಡು ಬರುತ್ತದೆ.

ಒಂದು ಸರಳ ಲೆಕ್ಕ

ಹಂದಿಯನ್ನು ಹತೋಟಿಗೆ ತರುವುದು ಏಕೆ ಕಷ್ಟ ಎಂಬುದನ್ನು ಏಳನೆಯ ತರಗತಿಯ ಗಣಿತವೇ ತಿಳಿಸುತ್ತದೆ. ಇದು ಊಹೆಯ ಲೆಕ್ಕ, ಎಣಿಕೆಯಲ್ಲ. ಒಂದು ಗುಡ್ಡದಲ್ಲಿ 10 ಹೆಣ್ಣು, 10 ಗಂಡು, ಒಟ್ಟು 20 ಹಂದಿಗಳಿವೆ ಎಂದುಕೊಳ್ಳೋಣ. ಪ್ರತಿ ಹೆಣ್ಣು ವರ್ಷಕ್ಕೆ 5 ಮರಿ ಹಾಕಿತು. ಅವುಗಳಲ್ಲಿ 3 ರೋಗದಿಂದಲೋ ಚಿರತೆಯಿಂದಲೋ ಸತ್ತು 2 ಮಾತ್ರ ಉಳಿದವು. ದೊಡ್ಡವು ಯಾವುವೂ ಸಾಯಲಿಲ್ಲ. ಆಗ ವರ್ಷದ ಕೊನೆಗೆ 20 ಹಳೆಯವು, 20 ಹೊಸವು, ಒಟ್ಟು 40. ಮರುವರ್ಷ ಇದೇ ರೀತಿ 80. ಮೂರನೆಯ ವರ್ಷ 160!

ಊರವರು ಮೊದಲ ವರ್ಷ ಶ್ರಮಪಟ್ಟು 5 ಹಂದಿ ಕೊಂದರೆನ್ನಿ. ಉಳಿದದ್ದು 35. ಅಂದರೆ ವರ್ಷದ ಮೊದಲಿಗಿಂತ 15 ಹೆಚ್ಚೇ. ಸಂಖ್ಯೆ ಏರದಂತೆ ತಡೆಯಲಿಕ್ಕೇ 20, ಅಂದರೆ ಅರ್ಧದಷ್ಟು, ತೆಗೆಯಬೇಕು. ಈಗ ಲೆಕ್ಕವನ್ನು ಬೇರೆ ಬಗೆಯಲ್ಲಿ ಮಾಡೋಣ. ಯಾರೂ ಒಂದು ಹಂದಿಯನ್ನೂ ಕೊಲ್ಲಲಿಲ್ಲ. ಆದರೆ ಹೊಲದ ಊಟ ಸಿಗದ್ದರಿಂದ ಪ್ರತಿ ಹೆಣ್ಣಿಗೆ 2ರ ಬದಲು 1 ಮರಿ ಮಾತ್ರ ಬದುಕಿತು. ವರ್ಷದ ಕೊನೆಗೆ 30. ಐದು ಹಂದಿ ಕೊಂದದ್ದಕ್ಕಿಂತ ಊಟ ತಪ್ಪಿಸಿದ್ದೇ ಹೆಚ್ಚು ಪರಿಣಾಮ ಮಾಡಿತು. ಹಂದಿಯ ಸಂಖ್ಯೆ ನಿರ್ಧಾರವಾಗುವುದು ಕೋವಿಯ ತುದಿಯಲ್ಲಿ ಅಷ್ಟಾಗಿ ಅಲ್ಲ, ಅದಕ್ಕೆ ಸಿಗುವ ಊಟದಲ್ಲಿ ಮತ್ತು ಆಸರೆಯಲ್ಲಿ.

ಊಟ, ಆಸರೆ ಕೊಟ್ಟವರು ಯಾರು?

ಅಜ್ಜಂಪುರ ಎಂದೊಡನೆ ನೆನಪಾಗುವುದು ಅಮೃತ ಮಹಲ್ ದನಗಳು. ಮೈಸೂರು ಅರಸರ ಕಾಲದಿಂದ ಆ ದನಗಳಿಗಾಗಿ ಬಿಟ್ಟ ಕಾವಲುಗಳು ಕಡೂರು, ತರೀಕೆರೆ ಸೀಮೆಯಲ್ಲಿ ಹರಡಿದ್ದವು. ಆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗವಿತ್ತು, ಅದರ ಹಿಂದೆ ತೋಳವಿತ್ತು. ಕಾವಲುಗಳು ಕಾಲಕ್ರಮೇಣ ಉಳುಮೆಗೆ, ನೆಡುತೋಪುಗಳಿಗೆ, ಬೇರೆ ಬೇರೆ ಕೆಲಸಗಳಿಗೆ ಹಂಚಿಹೋದವು. ಬೀರೂರಿನ ಬಳಿಯ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಗಿ ಉಳಿದುಕೊಂಡಿತು. ಬಯಲು ಹುಲ್ಲನ್ನು ನೆಚ್ಚಿದ ಪ್ರಾಣಿಗಳು ಸೊರಗಿದಂತೆ, ಪೊದೆಯನ್ನು ನೆಚ್ಚಿದ ಹಂದಿಗೆ ಅನುಕೂಲವಾಯಿತು.

ಎರಡನೆಯದು ಜಾಲಿ. ನೀರು ಬತ್ತಿದ ಕೆರೆಯ ಅಂಗಳದಲ್ಲಿ ಬಳ್ಳಾರಿ ಜಾಲಿ, ಗುಡ್ಡದ ತಪ್ಪಲಿನಲ್ಲಿ ಲಂಟಾನ. ಎರಡೂ ಹೊರದೇಶದಿಂದ ಬಂದ ಗಿಡಗಳು. ಮನುಷ್ಯ, ನಾಯಿ ನುಗ್ಗಲಾರದ ಆ ಮುಳ್ಳಿನ ಹಿಂಡಿಲು ಹಂದಿಗೆ ಬಾಗಿಲು ಹಾಕಿದ ಮನೆಯಿದ್ದಂತೆ. ಊರಿನ ಹತ್ತಿರವೇ, ಕೆರೆಯ ಏರಿಯ ಕೆಳಗೇ ಅದು ಹಗಲಿಡೀ ಮಲಗಿರುತ್ತದೆ.

ಮೂರನೆಯದು ಬೆಳೆಯ ಬದಲಾವಣೆ. ಕಳೆದ ಮೂರು ದಶಕಗಳಲ್ಲಿ ದಾವಣಗೆರೆ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ಮೆಕ್ಕೆಜೋಳ ಮುಖ್ಯ ಬೆಳೆಯಾಗಿ ಬೆಳೆದಿದೆ. ಆಳೆತ್ತರ ಬೆಳೆಯುವ ಮೆಕ್ಕೆಜೋಳದೊಳಗೆ ಹಂದಿಗೆ ಊಟವೂ ಅಲ್ಲೇ, ಮರೆಯೂ ಅಲ್ಲೇ. ಪಟ್ಟಣ ಸೇರಿದವರ ಬೀಳುಹೊಲಗಳೂ ಪೊದೆ ಬೆಳೆದು ಅದರ ದಾರಿಯಾಗಿವೆ. ಇದರಲ್ಲಿ ಯಾವೊಬ್ಬ ರೈತನ ತಪ್ಪೂ ಇಲ್ಲ. ಆದರೆ ಎಲ್ಲ ಸೇರಿ ಹಂದಿಗೆ ಹಬ್ಬವಾಗಿದೆ ಎಂಬುದು ಸತ್ಯ.

ಅಮೆರಿಕ ಕಲಿತ ಪಾಠ

ಹಂದಿಯ ಕಾಟದಲ್ಲಿ ಶ್ರೀಮಂತ ಅಮೆರಿಕವೂ ನಮ್ಮ ಜೊತೆಗಾರ. ಅಲ್ಲಿ ಮೂಲತಃ ಈ ಜಾತಿಯ ಹಂದಿ ಇರಲೇ ಇಲ್ಲ. 1539ರಲ್ಲಿ ಫ್ಲಾರಿಡಾಕ್ಕೆ ಇಳಿದ ಸ್ಪೇನಿನ ಹೆರ್ನಾಂಡೋ ಡಿ ಸೋಟೋನ ದಂಡಿನೊಡನೆ ಊರಹಂದಿಗಳು ಹೋದವು. ಹೀಗೆ ಬಂದು ತಪ್ಪಿಸಿಕೊಂಡವು ಕಾಡು ಸೇರಿದವು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬೇಟೆಯ ಮೋಜಿಗೆಂದು ಯುರೋಪಿನ ಕಾಡುಹಂದಿಯನ್ನೂ ತಂದು ಬಿಟ್ಟರು. ಇವೆಲ್ಲ ಬೆರೆತು ಇಂದು 30ಕ್ಕೂ ಹೆಚ್ಚು ರಾಜ್ಯಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಹಂದಿಗಳಿವೆ ಎಂಬುದು ಅಲ್ಲಿನ ಕೃಷಿ ಇಲಾಖೆಯ ಅಂದಾಜು. 2014ರಲ್ಲಿ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ಯೋಜನೆ ಆರಂಭಿಸಿತು.

ಅಲ್ಲಿ ಕೋವಿಗಳಿಗೆ ಕೊರತೆಯಿಲ್ಲ, ಬೇಟೆಗಾರರಿಗೂ ಕೊರತೆಯಿಲ್ಲ. ಆದರೂ ಬೇಟೆಯಿಂದ ಹಂದಿ ಮುಗಿಯಲಿಲ್ಲ. ಸಂಖ್ಯೆ ಹೆಚ್ಚದಂತೆ ತಡೆಯಲಿಕ್ಕೇ ಪ್ರತಿವರ್ಷ ಮೂರರಲ್ಲಿ ಎರಡು ಪಾಲು ಹಂದಿಗಳನ್ನು ತೆಗೆಯಬೇಕಾದೀತು ಎಂದು ಟೆಕ್ಸಸ್ಸಿನ ತಜ್ಞರು ಲೆಕ್ಕ ಹಾಕಿದರು. ಕಾಡುಗುಡ್ಡಗಳ ಮಿಸ್ಸೂರಿ ರಾಜ್ಯ ಇನ್ನೂ ವಿಚಿತ್ರವಾದ ತೀರ್ಮಾನಕ್ಕೆ ಬಂತು. 2016ರಲ್ಲಿ ಅದು ತನ್ನ ಸಂರಕ್ಷಿತ ಪ್ರದೇಶಗಳಲ್ಲಿ ಸಾರ್ವಜನಿಕರು ಹಂದಿ ಬೇಟೆಯಾಡುವುದನ್ನೇ ನಿಷೇಧಿಸಿತು! ಕಾರಣ ಸರಳ. ಒಂದು ಗುಂಡು ಹಾರಿದರೆ ಒಂದು ಹಂದಿ ಬೀಳುತ್ತದೆ. ಉಳಿದ ಹತ್ತು ಹತ್ತು ದಿಕ್ಕಿಗೆ ಚದುರಿ ಹೊಸ ಜಾಗಗಳಲ್ಲಿ ನೆಲೆಸುತ್ತವೆ. ಬೇಟೆಯ ಆಸೆಗೆ ಹಂದಿಯನ್ನು ಸಾಗಿಸಿ ಬೇರೆಡೆ ಬಿಡುವವರೂ ಇದ್ದರು.

ಬದಲಿಗೆ ಅವರು ಅನುಸರಿಸಿದ್ದು ದೊಡ್ಡ ದೊಡ್ಡಿಯ ಉಪಾಯ. ಸುತ್ತ ಗಟ್ಟಿ ಜಾಲರಿಯ ಬೇಲಿ ಹಾಕಿ, ಒಳಗೆ ಮೆಕ್ಕೆಜೋಳ ಚೆಲ್ಲಿ, ಬಾಗಿಲು ತೆರೆದೇ ಬಿಡುತ್ತಾರೆ. ಹಲವು ದಿನ ಹಂದಿಗಳು ಭಯವಿಲ್ಲದೆ ಬಂದು ತಿಂದುಹೋಗುತ್ತವೆ. ಕ್ಯಾಮೆರಾದಲ್ಲಿ ನೋಡಿ, ಗುಂಪಿನ ಕೊನೆಯ ಹಂದಿಯೂ ಒಳಗೆ ಬಂದ ಮೇಲೆಯೇ ಬಾಗಿಲು ಬೀಳಿಸುತ್ತಾರೆ. ಅವಸರ ಮಾಡಿ ನಾಲ್ಕನ್ನು ಹಿಡಿದರೆ ಹೊರಗುಳಿದವು ಬುದ್ಧಿ ಕಲಿತು ಮತ್ತೆಂದೂ ಹತ್ತಿರ ಬರುವುದಿಲ್ಲ.

ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ಅಮೆರಿಕದ ಹಂದಿ ಹೊರಗಿನಿಂದ ಬಂದದ್ದು. ಅದನ್ನು ಪೂರ್ತಿ ಇಲ್ಲವಾಗಿಸಿದರೆ ಆ ಕಾಡಿಗೆ ಒಳ್ಳೆಯದೇ. ನಮ್ಮ ಹಂದಿ ನಮ್ಮ ಕಾಡಿನ ಹಳೆಯ ನಿವಾಸಿ. ಇಲ್ಲಿ ಗುರಿ ನಿರ್ಮೂಲನವಲ್ಲ, ಹತೋಟಿ ಮಾತ್ರ. ಗುಂಪನ್ನು ಚದುರಿಸಬಾರದು, ಆತುರ ಪಡಬಾರದು, ಒಬ್ಬೊಬ್ಬರೇ ಮಾಡಬಾರದು ಎಂಬ ಪಾಠಗಳು ಮಾತ್ರ ಎರಡು ಕಡೆಗೂ ಸಲ್ಲುತ್ತವೆ.

ಕಾನೂನು ಏನೆನ್ನುತ್ತದೆ?

ಒಂದು ಕಾಲಕ್ಕೆ ಹಂದಿ ಬೇಟೆ ಮಲೆನಾಡಿನ ಹಬ್ಬದ ಭಾಗವೇ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ತೆರೆ ಎಳೆಯಿತು. ಕಾಡುಹಂದಿ ಮೊದಲು ಆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಎರಡನೆಯ ಅನುಸೂಚಿಗೆ ಬಂದಿದೆ. ಅಪ್ಪಣೆಯಿಲ್ಲದೆ ಕೊಲ್ಲುವುದು ಅಪರಾಧ.

ಹಾಗೆಂದು ಕಾನೂನು ರೈತನಿಗೆ ಕಿವುಡಾಗಿಲ್ಲ. ಮನುಷ್ಯನ ಜೀವಕ್ಕೋ ನಿಂತ ಬೆಳೆಗೋ ಅಪಾಯ ತರುವ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಅನುಮತಿ ನೀಡಬಹುದು ಎಂದು 11ನೆಯ ಸೆಕ್ಷನ್ ಹೇಳುತ್ತದೆ. 62ನೆಯ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಒಂದು ಪ್ರಾಣಿಯನ್ನು ಪೀಡಕ ಎಂದು ಘೋಷಿಸಲೂಬಹುದು. 2015ರ ಡಿಸೆಂಬರ್‌ನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿಯನ್ನು, 2016ರಲ್ಲಿ ಉತ್ತರಾಖಂಡದ ಕೆಲವೆಡೆ ಕಾಡುಹಂದಿಯನ್ನು ಹೀಗೆ ಘೋಷಿಸಲಾಯಿತು. ದೇಶಾದ್ಯಂತ ವಾದವಿವಾದ ಎದ್ದಿತು. ಕೇರಳ ಬೇರೆ ದಾರಿ ಹಿಡಿಯಿತು. 2022ರ ಮೇ ತಿಂಗಳಲ್ಲಿ ಅಲ್ಲಿನ ಸಚಿವ ಸಂಪುಟ ಹಂದಿಯ ವಿಷಯದಲ್ಲಿ ಆದೇಶ ನೀಡುವ ಅಧಿಕಾರವನ್ನು ಪಂಚಾಯಿತಿ, ನಗರಸಭೆಗಳ ಮುಖ್ಯಸ್ಥರಿಗೇ ಕೊಟ್ಟಿತು. ಆದರೆ ವಿಷ, ಸ್ಫೋಟಕ, ವಿದ್ಯುತ್ ಬಳಸುವಂತಿಲ್ಲ ಎಂಬ ಷರತ್ತು ಇಟ್ಟಿತು.

ಅನುಮತಿ ಸಿಕ್ಕರೂ ಕೆಲಸ ಸುಲಭವಲ್ಲ. ರಾತ್ರಿ, ಆಳೆತ್ತರದ ಬೆಳೆಯ ನಡುವೆ, ಓಡುವ ಹಂದಿಗೆ ಗುರಿಯಿಡುವುದು ಅನುಭವಿಗಳಿಗೂ ಕಷ್ಟ. ತಪ್ಪಿದ ಗುಂಡು ಪಕ್ಕದ ಹೊಲ ಕಾಯುವವನಿಗೆ ತಗಲಬಹುದು. ಗಾಯಗೊಂಡ ಹಂದಿಯಂತೂ ಹುಲಿಗಿಂತ ಕಡಿಮೆಯೇನಲ್ಲ.

ಹಂದಿಗೆಂದು ಇಟ್ಟದ್ದು

ದಿಕ್ಕುಗಾಣದ ರೈತ ಕೆಲವೊಮ್ಮೆ ಕಳ್ಳದಾರಿ ಹಿಡಿಯುತ್ತಾನೆ. ಬೇಲಿಯ ಕಿಂಡಿಯಲ್ಲಿ ತಂತಿಯ ಉರುಲು, ಕಂಬದಿಂದ ನೇರ ಎಳೆದ ಕರೆಂಟು, ತಿನಿಸಿನಲ್ಲಿ ಅಡಗಿಸಿದ ಸಿಡಿಮದ್ದು. ಇವು ಮೂರೂ ಹಂದಿಯನ್ನು ಮಾತ್ರ ಆರಿಸಿ ಕೊಲ್ಲುವುದಿಲ್ಲ.

ಹಂದಿಯ ಉರುಲಿಗೆ ಚಿರತೆ ಸಿಕ್ಕಿ ನರಳಿದ ಘಟನೆಗಳು ರಾಜ್ಯದಲ್ಲಿ ಮತ್ತೆ ಮತ್ತೆ ನಡೆದಿವೆ. ಬೇಲಿಗೆ ಹರಿಸಿದ ಕರೆಂಟಿಗೆ ಆನೆಗಳು ಸತ್ತಿವೆ. ಬೆಳಗಿನ ಜಾವ ನೀರು ಕಟ್ಟಲು ಹೋದ ರೈತರು, ಕೂಲಿಕಾರರು, ಸ್ವತಃ ತಂತಿ ಎಳೆದವರೇ ಸತ್ತಿದ್ದಾರೆ. ಸಿಡಿಮದ್ದು ಕಚ್ಚಿದ ಹಸುವಿನ ದವಡೆ ಛಿದ್ರವಾಗುತ್ತದೆ. ಮೇಯಲಾರದೆ, ನೀರು ಕುಡಿಯಲಾರದೆ ಅದು ದಿನಗಟ್ಟಲೆ ನರಳಿ ಸಾಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸ್ಫೋಟಕ ತುಂಬಿದ ತಿನಿಸು ಕಚ್ಚಿ, ಬಾಯಿಯ ಉರಿ ತಾಳದೆ ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದನ್ನು ದೇಶವೇ ನೋಡಿತು.

ಹೆತ್ತವರು ಯೋಚಿಸಬೇಕಾದ ಮಾತು ಇನ್ನೊಂದಿದೆ. ಹೊಲದ ಬದುವಿನಲ್ಲಿ ಬಿದ್ದ ಉಂಡೆ ಹಂದಿಗೆ ತಿನಿಸಿನಂತೆ ಕಂಡರೆ ಮಗುವಿಗೆ ಆಟಿಕೆಯಂತೆ ಕಾಣಬಹುದು. ಶಾಲೆಗೆ ಅಡ್ಡದಾರಿ ಹಿಡಿದು ಹೋಗುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು. ಹೊಲದಲ್ಲಿ, ಪೊದೆಯಲ್ಲಿ ಅಪರಿಚಿತ ಉಂಡೆ, ಪೊಟ್ಟಣ ಕಂಡರೆ ಮುಟ್ಟಬಾರದು, ಒದೆಯಬಾರದು, ಕಲ್ಲು ಹೊಡೆಯಬಾರದು. ದೂರ ಸರಿದು ಹಿರಿಯರಿಗೆ, ಪೊಲೀಸರಿಗೆ ತಿಳಿಸಬೇಕು. ಹಂದಿಯಿಂದ ಹೋದ ಬೆಳೆ ಮುಂದಿನ ಮಳೆಗೆ ಮತ್ತೆ ಬಂದೀತು. ಹೋದ ಬೆರಳು ಬರುವುದಿಲ್ಲ.

ಕಾಯುವ ದಾರಿಗಳು

ಹಾಗಾದರೆ ಮಾಡುವುದೇನು? ಒಂದೇ ಮದ್ದಿಲ್ಲ. ಹಲವನ್ನು ಕೂಡಿಸಬೇಕು.

ಮೊದಲನೆಯದು ಸೌರ ಬೇಲಿ. ಬಿಸಿಲಿನಿಂದ ತುಂಬಿಕೊಂಡ ಬ್ಯಾಟರಿಯಿಂದ ತಂತಿಗೆ ಕ್ಷಣಕ್ಷಣಕ್ಕೆ ಸಣ್ಣ ಮಿಡಿತ ಹರಿಯುತ್ತದೆ. ಅದು ಬೆಚ್ಚಿಬೀಳಿಸುತ್ತದೆ, ಕೊಲ್ಲುವುದಿಲ್ಲ. ಕಂಬದ ಕರೆಂಟಿಗೂ ಇದಕ್ಕೂ ಇರುವ ಈ ವ್ಯತ್ಯಾಸವನ್ನು ವಿಜ್ಞಾನದ ಮೇಷ್ಟ್ರು ಒಂದು ತರಗತಿಯಲ್ಲಿ ವಿವರಿಸಿದರೆ ಒಂದು ಜೀವವಾದರೂ ಉಳಿದೀತು. ಹಂದಿ ಮೂತಿ ತಗ್ಗಿಸಿ ನಡೆಯುವ ಪ್ರಾಣಿಯಾದ್ದರಿಂದ ಕೆಳಗಿನ ತಂತಿ ನೆಲಕ್ಕೆ ಹತ್ತಿರವಿರಬೇಕು. ತಂತಿಗೆ ಹುಲ್ಲು ತಾಗಿದರೆ ಮಿಡಿತ ನೆಲಕ್ಕೆ ಸೋರಿಹೋಗುತ್ತದೆ. ಆದ್ದರಿಂದ ಬೇಲಿಯ ಬುಡ ಸವರುತ್ತಲೇ ಇರಬೇಕು. ಸೌರ ಬೇಲಿಗೆ ಸರ್ಕಾರದ ಸಹಾಯಧನವೂ ಉಂಟು. ಹಾಕಿದ ಬೇಲಿಯನ್ನು ನೋಡಿಕೊಳ್ಳದಿದ್ದರೆ ಅದು ಬರೀ ತಂತಿ.

ಎರಡನೆಯದು ಬೆಳೆಯ ಬೇಲಿ. ಹೈದರಾಬಾದಿನ ಕೃಷಿ ವಿಜ್ಞಾನಿಗಳು ಶೇಂಗಾ ಹೊಲದ ಸುತ್ತ ಒತ್ತಾಗಿ ನಾಲ್ಕು ಸಾಲು ಕುಸುಬೆ ಬಿತ್ತಲು ಸಲಹೆ ಮಾಡಿದ್ದಾರೆ. ಕುಸುಬೆಯ ಮುಳ್ಳು ಹಂದಿಯ ಮೈಗೆ ಚುಚ್ಚುತ್ತದೆ, ಅದರ ವಾಸನೆ ಶೇಂಗಾದ ವಾಸನೆಯನ್ನು ಮರೆಸುತ್ತದೆ. ಮೆಕ್ಕೆಜೋಳದ ಸುತ್ತ ಹರಳು ಹಾಕುವುದೂ ಇದೇ ಉಪಾಯ. ಹರಳನ್ನು ಹಂದಿ ತಿನ್ನುವುದಿಲ್ಲ. ಕಾಯುವ ಬೆಳೆಯಿಂದಲೂ ಎರಡು ಕಾಸು ಬರುತ್ತದೆ.

ಮೂರನೆಯದು ಹೆದರಿಸುವ ಉಪಾಯಗಳು: ಹಳೆಯ ಸೀರೆಯ ಬೇಲಿ, ಕ್ಷೌರದಂಗಡಿಯ ಕೂದಲು, ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗ, ಮಿನುಗುವ ದೀಪ, ಧ್ವನಿವರ್ಧಕದಲ್ಲಿ ನಾಯಿಯ ಬೊಗಳು. ಇವೆಲ್ಲ ಕೆಲವು ದಿನ ನಡೆಯುತ್ತವೆ. ಹಂದಿ ಬುದ್ಧಿವಂತ ಪ್ರಾಣಿ. ಬೆದರುಬೊಂಬೆ ಅಲುಗುವುದಿಲ್ಲ ಎಂಬುದನ್ನು ಬೇಗ ಕಂಡುಕೊಳ್ಳುತ್ತದೆ. ಬೀಜ ಬಿತ್ತಿದ ವಾರ, ತೆನೆ ಹಾಲುಗಟ್ಟಿದ ವಾರಗಳಿಗೆ ಮಾತ್ರ ಇವನ್ನು ಮೀಸಲಿಟ್ಟು, ನಾಲ್ಕು ದಿನಕ್ಕೊಮ್ಮೆ ಬದಲಾಯಿಸಿದರೆ ಉಪಯೋಗವುಂಟು.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಅಡಗುದಾಣ ತೆಗೆಯುವುದು. ಕೆರೆಯಂಗಳದ ಜಾಲಿ ಕಡಿದರೆ ಹಂದಿಗೆ ಹಗಲಿನ ಮನೆಯಿಲ್ಲ. ಕೆರೆಗೆ ಹೂಳೆತ್ತಿದ ಲಾಭವೂ ಸಿಕ್ಕೀತು. ಊರಿನ ತಿಪ್ಪೆ, ಕೊಳೆತ ತರಕಾರಿ, ಕೋಳಿ ಅಂಗಡಿಯ ಕಸ ಕಾಡಂಚಿನಲ್ಲಿ ಬೀಳದಂತೆಯೂ ನೋಡಬೇಕು. ಅಲ್ಲಿ ಬೀಡಾಡಿ ಊರಹಂದಿಯೂ ಕಾಡುಹಂದಿಯೂ ಸೇರುತ್ತವೆ, ರೋಗ ದಾಟುತ್ತದೆ. 2020ರಲ್ಲಿ ಅಸ್ಸಾಂ, ಅರುಣಾಚಲಗಳ ಮೂಲಕ ಭಾರತದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಮನುಷ್ಯನಿಗೆ ತಗಲದು. ಹಂದಿಗಳಿಗೆ ಮಾತ್ರ ಮಾರಕ. ಹಂದಿ ಸಾಕಿ ಬದುಕುವ ಕುಟುಂಬಗಳಿಗೆ ಅದು ಸಿಡಿಲಿದ್ದಂತೆ.

ಬೆಳೆ ಹೋದಾಗ ಸುಮ್ಮನಿರದೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಹಾನಿಯ ಚಿತ್ರ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ ಸಿದ್ಧವಿರಬೇಕು. ಇಲಾಖೆಯ ಸಹಾಯವಾಣಿ 1926. ಅಪ್ಪನಿಗೆ ಕಂಪ್ಯೂಟರಿನ ಅರ್ಜಿ ತುಂಬಲು ಬಾರದಿದ್ದರೆ ಹೈಸ್ಕೂಲಿನ ಮಗಳಿಗೆ ಬಂದೇ ಬರುತ್ತದೆ.

ಒಬ್ಬರ ಬೇಲಿ, ಇನ್ನೊಬ್ಬರ ಹಾನಿ

ಇಷ್ಟೆಲ್ಲ ಮಾಡಿದರೂ ಒಂದು ಮಾತು ಉಳಿಯುತ್ತದೆ. ಹತ್ತು ಎಕರೆಯ ಯಜಮಾನ ತನ್ನ ಹೊಲಕ್ಕೆ ಸೌರ ಬೇಲಿ ಹಾಕಿದ. ಹಂದಿ ಹಸಿದು ಕಾಡಿಗೆ ಹೋಯಿತೇ? ಇಲ್ಲ. ಬೇಲಿ ಹಾಕಲಾರದ ಪಕ್ಕದ ಎರಡು ಎಕರೆಯವನ ಹೊಲಕ್ಕೆ ಹೋಯಿತು. ಅವನ ಅರ್ಧ ಬೆಳೆಯ ಜೊತೆಗೆ ಮಗನ ಕಾಲೇಜಿನ ಫೀಸೂ ಹೋಯಿತು. ಹಂದಿಯ ಸಂಖ್ಯೆಯಂತೂ ಒಂದೂ ಕಡಿಮೆಯಾಗಲಿಲ್ಲ. ಊರಿನಲ್ಲಿ ಒಂದು ಹೊಲ ತೆರೆದಿದ್ದರೂ ಹಂದಿಗೆ ಊಟ ತಪ್ಪುವುದಿಲ್ಲ. ಊಟ ತಪ್ಪದಿದ್ದರೆ ಮೇಲಿನ ಲೆಕ್ಕದ 20 ಹಂದಿ 40 ಆಗುವುದೂ ತಪ್ಪುವುದಿಲ್ಲ.

ಆದ್ದರಿಂದ ಹಂದಿ ಕಾಯುವುದು ಒಂದು ಮನೆಯ ಕೆಲಸವಲ್ಲ, ಊರಿನ ಕೆಲಸ. ಕಾಡಿನ ಮಗ್ಗುಲಿನ ಹೊಲಗಳಿಗೆಲ್ಲ ಸೇರಿಸಿ ಒಂದೇ ಬೇಲಿ. ಖರ್ಚು ಎಕರೆಯ ಲೆಕ್ಕದಲ್ಲಿ. ಕಾವಲು ಸರದಿಯ ಮೇಲೆ. ಜಾಲಿ ಕಡಿಯುವುದು, ಅನುಮತಿಯ ಅರ್ಜಿ, ಪರಿಹಾರದ ಅರ್ಜಿ ಗ್ರಾಮಸಭೆಯ ಹೆಸರಿನಲ್ಲಿ. ಹಿಂದೆ ಕೆರೆಯ ನೀರನ್ನು ಹೀಗೆಯೇ ಸರದಿಯಲ್ಲಿ ಹಂಚಿಕೊಂಡ ಹಳ್ಳಿಗಳಿಗೆ ಇದು ಹೊಸ ವಿದ್ಯೆಯಲ್ಲ.

ಸರದಿ ಬಂದರೆ ಮಕ್ಕಳ ಪಾಲಿನ ಲಾಭವೂ ದೊಡ್ಡದು. ಈಗ ತಿಂಗಳಿಡೀ ಅಟ್ಟಣೆಯ ಮೇಲೆ ಕಳೆಯುವ ಮನೆಯವರು ಆಗ ವಾರಕ್ಕೊಂದು ರಾತ್ರಿ ಕಾದರೆ ಸಾಕಾದೀತು. ಆತಕೂರಿನ ಕಾಳಿ ಒಂಟಿಯಾಗಿ ಹೋರಾಡಿತು. ಹಂದಿಯೂ ಸತ್ತಿತು, ತಾನೂ ಸತ್ತಿತು. ಅದರ ಸಾಹಸಕ್ಕೆ ಕಲ್ಲು ನಿಲ್ಲಿಸಿದರು. ಶಿವನಿಯ ರೈತನಿಗೆ ಬೇಕಾದದ್ದು ವೀರಗಲ್ಲಲ್ಲ, ಸುಗ್ಗಿಯಲ್ಲಿ ಮನೆ ಸೇರುವ ತೆನೆ. ಅವನ ಮಗಳಿಗೆ ಬೇಕಾದದ್ದು ಪರೀಕ್ಷೆಯ ಹಿಂದಿನ ದಿನ ಒಂದು ರಾತ್ರಿಯ ನಿದ್ದೆ. ಊರು ಒಟ್ಟಾದರೆ ಎರಡೂ ಸಿಕ್ಕಾವು. ಗುಡ್ಡದ ಮೇಲಿನ ಹಂದಿಗೂ ಅದರ ಪಾಲಿನ ಕಾಡು ಉಳಿದೀತು.